ಹಟ್ಟಿಯಲ್ಲಿ ರಥಪರೀಕ್ಷೆ

ಕನ್ನಡದಲ್ಲಿ ‘ಹಟ್ಟಿ’ಯೆಂದರೆ ದನಕರುಗಳನ್ನು ಕೂಡುವ ಅಂಗಳ, ಇಲ್ಲವೆ, ನಾಲ್ಕಾರು ಗುಡಿಸಲುಗಳ ಕಿರುವಸತಿ. ಇಷ್ಟು ಬಡವಾದ ಹೆಸರನ್ನು ಹೊತ್ತ ಊರೊಂದು ದೇಶಕ್ಕೆ ಬಂಗಾರವನ್ನು ಅಗೆದುಕೊಡುತ್ತಿರುವುದು ನಾಮಕರಣದ ವಿನೋದಗಳಲ್ಲಿ ಒಂದೆಂದೇ ಹೇಳಬೇಕು. ಕೋಲಾರದ ಗಣಿಗಳು 2001ನೆಯ ಇಸವಿಯ ಫೆಬ್ರವರಿ 28ರಂದು ಮುಚ್ಚಿದ ಮೇಲೆ, ಭೂಗರ್ಭಕ್ಕಿಳಿದು ಅದಿರನ್ನೊಡೆದು ಬಂಗಾರವನ್ನು ತೆಗೆಯುವ ಕಾರ್ಯದಲ್ಲಿ ರಾಯಚೂರು ಜಿಲ್ಲೆಯ ಈ ಹಟ್ಟಿಗೆ ಸಮಾನವಾದ ಇನ್ನೊಂದು ಸ್ಥಳವು ನಮ್ಮ ದೇಶದಲ್ಲಿ ಉಳಿದಿಲ್ಲ. ಆದರೆ ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಬಂಗಾರದ ವಿಚಾರವನ್ನಷ್ಟೇ ಅಲ್ಲ. ಬಂಗಾರದ ಊರಿನವರು ಒಂದು ಮೋಟಾರು ಗಾಡಿಯನ್ನು ಹೇಗೆ ಒರೆಗೆ ಹಚ್ಚಿದರೆಂಬುದನ್ನೂ ವಾಚಕರ ಮುಂದಿಡಬೇಕೆಂದಿದ್ದೇನೆ.

ರಾಯಚೂರಿನಿಂದ ಪಶ್ಚಿಮಾಭಿಮುಖವಾಗಿ ಲಿಂಗಸೂಗೂರಿನ ದಾರಿಯನ್ನು ಹಿಡಿದರೆ ಕಣ್ಣಿಗೆ ಬೀಳುವುದು ಎರೆಹೊಲಗಳ ಅಖಂಡವಾದ ಹರವು. ನಾನು ಹೊರಟದ್ದು ಸಂಕ್ರಾಂತಿಯ ದಿನಗಳಲ್ಲಿ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸೆರಗಿನ ಒಡಲು ತುಂಬಿಕೊಂಡು ಸಾಲುಸಾಲಾಗಿ ಸಾಗುತ್ತಿದ್ದರು, ಬಿಳಿಜೋಳವು ತೆನೆಗಟ್ಟುತ್ತಿತ್ತು, ತೊಗರಿಯ ರಾಶಿಗಳು ಅಲ್ಲಲ್ಲಿ ಬಿದ್ದಿದ್ದವು. ದಕ್ಷಿಣಕ್ಕೆ ಸಿಂಧನೂರಿನ ಸೀಮೆಯಲ್ಲಾದರೆ ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿದು ಬತ್ತದ ಹಸುರು ಹಬ್ಬಿದೆ. ಈ ಉತ್ತರದ ಮಗ್ಗುಲಲ್ಲಿ ಬಹುಮಟ್ಟಿಗೆ ಆಕಾಶದ ಕರುಣೆಯೇ ಗತಿ. ಲಿಂಗಸೂಗೂರು ಇಂದು ತಾಲೂಕಿನ ಊರಾದರೂ ನಿಜಾಮರ ಆಳಿಕೆಯಲ್ಲಿ 1905ರ ವರೆಗೆ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ಅಲ್ಲಿಂದ ಹಟ್ಟಿಯ ಕಡೆಗೆ ತಿರುಗಿದೊಡನೆ ನೆಲದ ಬಣ್ಣ ಬದಲಾಗಹತ್ತುತ್ತದೆ. ಕಲ್ಲುಗುಡ್ಡಗಳು ತಲೆಯೆತ್ತುತ್ತವೆ, ದೂರದಲ್ಲಿ ಗಣಿಯ ಕೂಪದ ಮೇಲಿನ ಉಕ್ಕಿನ ಗೋಪುರವೂ, ಅದಿರನ್ನು ಅರೆದು ಬಿಸುಟ ಬೂದುಬಣ್ಣದ ಮಣ್ಣಿನ ದಿಬ್ಬಗಳೂ ಕಾಣಿಸಿಕೊಳ್ಳುತ್ತವೆ.

ಹಟ್ಟಿಯ ಗಣಿಯ ಪ್ರಾಚೀನತೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಸಿಡಿಮದ್ದು, ಯಂತ್ರ, ವಿದ್ಯುತ್ತು ಯಾವುದೂ ಇಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ಬಂಡೆಯ ಮೇಲೆ ಬೆಂಕಿಯನ್ನೊಟ್ಟಿ, ಕಾದ ಕಲ್ಲಿಗೆ ನೀರೆರಚಿ ಬಿರಿಯಿಸಿ, ಆರುನೂರು ಅಡಿಗಳಷ್ಟು ಆಳಕ್ಕೆ ಇಳಿದಿದ್ದರೆಂಬುದಕ್ಕೆ ಕುರುಹುಗಳು ದೊರೆತಿವೆ. ಆ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸನ್ನು ಶಾಸ್ತ್ರಜ್ಞರು ಸುಮಾರು ಎರಡು ಸಾವಿರ ವರ್ಷಗಳೆಂದು ಗೊತ್ತುಮಾಡಿದ್ದಾರೆ. ಈಗಿನ ಕಂಪೆನಿಯು 1947ರಲ್ಲಿ ಹೈದರಾಬಾದಿನ ಹೆಸರಿನಿಂದ ಹುಟ್ಟಿ, 1956ರ ಪ್ರಾಂತರಚನೆಯ ಕಾಲದಲ್ಲಿ ಹಟ್ಟಿಯ ಹೆಸರನ್ನು ಪಡೆಯಿತು. ಒಂದು ಟನ್ನು ಅದಿರನ್ನು ಅರೆದರೆ ಕೈಗೆ ಬರುವುದು ಕೆಲವೇ ಗ್ರಾಮು ಬಂಗಾರ. ಆದುದರಿಂದ ಇಲ್ಲಿನ ಜನಕ್ಕೆ ಮಿಂಚಿದ್ದೆಲ್ಲ ಹೊನ್ನಲ್ಲವೆಂಬುದು ನೀತಿಪಾಠವಲ್ಲ, ದಿನಗೂಲಿಯ ಅನುಭವ. ಕಲ್ಲಿನಲ್ಲಿ ಕಣ್ಣು ಕೋರೈಸುವಂತೆ ಹೊಳೆಯುವ ಹಳದಿಯ ಕಣಗಳು ಬಹುತೇಕ ಗಂಧಕ ಬೆರೆತ ಕಬ್ಬಿಣವಾಗಿರುತ್ತವೆ. ನಿಜವಾದ ಬಂಗಾರವು ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿಳಿಗಲ್ಲಿನ ಎಳೆಗಳಲ್ಲಿ ಅವಿತಿರುತ್ತದೆ.

ಗಣಿಯ ನೌಕರರ ವಸತಿಯನ್ನು ಇಲ್ಲಿಯವರು ‘ಕ್ಯಾಂಪು’ ಎಂದು ಕರೆಯುತ್ತಾರೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಕ್ಯಾಂಪಿನ ಬೀದಿಗಳನ್ನು ನೋಡಬೇಕು. ತಲೆಗೆ ಗಟ್ಟಿಟೊಪ್ಪಿಗೆ ಧರಿಸಿ ಕೆಳಗಿಳಿಯಲು ಹೊರಟವರು ಒಂದು ಕಡೆ. ಮೈಯೆಲ್ಲ ಕಲ್ಲುಹುಡಿಯಾಗಿ ಬೆಳಕಿಗೆ ಕಣ್ಣು ಕಿರಿದುಮಾಡಿ ಮೇಲಕ್ಕೆ ಬಂದವರು ಇನ್ನೊಂದು ಕಡೆ. ಕನ್ನಡ, ತೆಲುಗು, ಉರ್ದು ಮೂರೂ ಚಹದ ಅಂಗಡಿಯ ಒಂದೇ ಹಲಗೆಯ ಮೇಲೆ ಕುಳಿತು ಮಾತಾಡುತ್ತವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಲ್ಲಿ ಗುಮಾಸ್ತನಾಗಿರುವನು. ಅವನ ಆಹ್ವಾನದಂತೆ ಎರಡು ದಿನ ತಂಗಿದ್ದು, ಮೂರನೆಯ ದಿನ ಮಸ್ಕಿಯ ಶಾಸನವನ್ನು ನೋಡಬೇಕೆಂಬುದು ನನ್ನ ಪ್ರವಾಸದ ಉದ್ದೇಶವಾಗಿದ್ದಿತು.

ನಾನು ಹೋದಾಗ ಹಟ್ಟಿಗೆ ರೈಲಿನ ಅನುಕೂಲವಿರಲಿಲ್ಲ. ಸರ್ಕಾರಿ ಬಸ್ಸುಗಳಿವೆ, ಹತ್ತಿರದ ಹಳ್ಳಿಗಳಿಗೆ ಟಂಟಂಗಳಿವೆ, ಹೊಲದ ಕೂಲಿಯವರಿಗೆ ಕ್ರೂಸರುಗಳಿವೆ. ಆದರೆ ಹೆರಿಗೆಯ ನೋವು ನಡುರಾತ್ರಿಯಲ್ಲಿ ಬಂದರೆ, ಎದೆಯ ಬೇನೆ ಹೆಚ್ಚಾದರೆ, ಮದುವೆಯ ದಿಬ್ಬಣ ಹೊರಟರೆ, ಗುರುಗುಂಟದ ಅಮರೇಶ್ವರನಿಗೋ ತಿಂಥಣಿಯ ಮೌನೇಶ್ವರನಿಗೋ ಮನೆಮಂದಿಯೆಲ್ಲ ಹರಕೆ ತೀರಿಸಲು ಹೊರಟರೆ, ಈ ಸೀಮೆಯ ಗೃಹಸ್ಥನ ಬಾಯಲ್ಲಿ ಬರುವ ಮೊದಲ ಮಾತು “ಒಂದು ಇನ್ನೋವಾ ಹೇಳ್ರಿ” ಎಂಬುದೇ. ಒಂದು ಕಂಪೆನಿಯ ಗಾಡಿಯ ಹೆಸರು ಒಂದು ಜಾತಿಯ ಗಾಡಿಗೇ ಹೆಸರಾಗಿಬಿಟ್ಟಿದೆ.

ಈ ಇನ್ನೋವಾ ನಮ್ಮ ನಾಡಿನಲ್ಲಿಯೇ ತಯಾರಾಗುವುದೆಂಬುದು ವಾಚಕರಲ್ಲಿ ಹಲವರಿಗೆ ಗೊತ್ತಿರಬಹುದು. ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ಜಪಾನಿನ ಟೊಯೋಟಾದವರೂ ನಮ್ಮ ಕಿರ್ಲೋಸ್ಕರರೂ ಕೂಡಿ ಸ್ಥಾಪಿಸಿದ ಕಾರ್ಖಾನೆಯಿದೆ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದು, ಮುಂದೆ ಕಬ್ಬಿಣದ ನೇಗಿಲನ್ನು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವೇ ಇದು. ಈ ಕಾರ್ಖಾನೆಯಿಂದ 2000ನೆಯ ಇಸವಿಯಲ್ಲಿ ಕ್ವಾಲಿಸ್ ಎಂಬ ಚೌಕಾಕಾರದ ಗಾಡಿ ಹೊರಬಂದಿತು. 2005ರಲ್ಲಿ ಅದರ ಸ್ಥಾನಕ್ಕೆ ಇನ್ನೋವಾ ಬಂದಿತು. 2016ರಲ್ಲಿ ಅದು ಕ್ರಿಸ್ಟಾ ಎಂಬ ಉಪನಾಮವನ್ನು ಧರಿಸಿ ಮೈತುಂಬಿಕೊಂಡಿತು. 2022ರ ನವೆಂಬರ್ 25ರಂದು ‘ಹೈಕ್ರಾಸ್’ ಎಂಬ ಹೊಸ ಅವತಾರವನ್ನು ಲೋಕಕ್ಕೆ ತೋರಿಸಿದರು. ಆ ಸಮಾರಂಭದಲ್ಲಿದ್ದ ವಿಕ್ರಮ್ ಕಿರ್ಲೋಸ್ಕರರು ನಾಲ್ಕು ದಿನಗಳಲ್ಲಿಯೇ ತೀರಿಕೊಂಡರು. ಹೊಸ ಅವತಾರದ ವಿಷಯದಲ್ಲಿ ಗಾಡಿಯ ಮೋಹವುಳ್ಳವರೊಳಗೆ ಅಂದು ಆರಂಭವಾದ ವಾದವು ನಾನು ಹಟ್ಟಿಗೆ ಹೋದಾಗಲೂ ಮುಗಿದಿರಲಿಲ್ಲ.

ವಾದದ ಸಂದರ್ಭ ಹೀಗೆ. ನನ್ನ ವಿದ್ಯಾರ್ಥಿಯ ನೆರೆಮನೆಯವರು ಬಾಡಿಗೆಯ ಗಾಡಿಯ ಮಾಲೀಕರು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ತಾವೇ ಗಾಡಿ ನಡೆಯಿಸಿದವರು. ಅವರ ಹಳೆಯ ಇನ್ನೋವಾ ನಾಲ್ಕು ಲಕ್ಷ ಕಿಲೋಮೀಟರನ್ನು ದಾಟಿತ್ತು. ಇನ್ನೊಂದನ್ನು ಕೊಳ್ಳಲೇಬೇಕು. ಹೊಸ ಹೈಕ್ರಾಸನ್ನೇ ತರಬೇಕೆಂದು ಮಗನ ಹಟ. ಅದು ಮಾರಾಟಕ್ಕೆ ಬಂದಾಗಲೇ ಅದರ ಬೆಲೆ ದರ್ಜೆಗೆ ತಕ್ಕಂತೆ ಹದಿನೆಂಟು ಲಕ್ಷದಿಂದ ಇಪ್ಪತ್ತೊಂಬತ್ತು ಲಕ್ಷದ ವರೆಗೆ ಇದ್ದಿತು. ಅಷ್ಟು ಹಣಕ್ಕೆ ಇರುವ ಎರಡು ಎಕರೆ ಹೊಲವನ್ನು ಒತ್ತೆಯಿಡದೆ ಗತ್ಯಂತರವಿರಲಿಲ್ಲ. ಅದೇ ಸಮಯಕ್ಕೆ ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಅವರ ತಂಗಿಯ ಮಗನು ತನ್ನ ಹೊಸ ಹೈಕ್ರಾಸನ್ನು ನಡೆಯಿಸಿಕೊಂಡು ಹಬ್ಬಕ್ಕೆ ಬಂದಿದ್ದನು. ಬೇವಿನ ಮರದ ಕೆಳಗೆ ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿ ನಿಂತವು. ಗಣಿಯ ಕಾರ್ಯಾಗಾರದಲ್ಲಿ ಫಿಟ್ಟರಾಗಿ ನಿವೃತ್ತರಾದ ಹಿರಿಯರೊಬ್ಬರು ಬಂದರು. ಮಂಡಾಳ ಒಗ್ಗರಣೆಯೂ ಮಿರ್ಚಿಯೂ ಬಂದವು. ಸಭೆ ನೆರೆಯಿತು.

ಬಂಗಾರವನ್ನು ಪರೀಕ್ಷಿಸಲು ನಮ್ಮ ಹಿಂದಿನವರು ನಾಲ್ಕು ಬಗೆಗಳನ್ನು ಹೇಳಿದ್ದಾರೆ: ಒರೆಗಲ್ಲಿಗೆ ಉಜ್ಜುವುದು, ಕತ್ತರಿಸಿ ಒಳಗನ್ನು ನೋಡುವುದು, ಬೆಂಕಿಯಲ್ಲಿ ಕಾಯಿಸುವುದು, ಸುತ್ತಿಗೆಯಿಂದ ಬಡಿಯುವುದು. ನಿಘರ್ಷಣ, ಛೇದನ, ತಾಪ, ತಾಡನಗಳೆಂಬ ಈ ನಾಲ್ಕು ಪರೀಕ್ಷೆಗಳೂ ಅಂದು ಆ ಮರದ ಕೆಳಗೆ, ಹೇಳಿ ಮಾಡಿಸಿದಂತೆ, ಅದೇ ಕ್ರಮದಲ್ಲಿ ನಡೆದವು.

ಮೊದಲನೆಯದು ರೂಪದ ವಿಚಾರ. ಹಳೆಯ ಇನ್ನೋವಾದ ಮುಖ ಇಳಿಜಾರು. ಹಣೆಯಿಂದ ಮೂಗಿನ ತುದಿಯ ವರೆಗೆ ಒಂದೇ ಗೆರೆ. ಹೊಸದರ ಮುಖವಾದರೋ ಎದ್ದು ನಿಂತಿದೆ. ಅಗಲವಾದ ಬಾಯಿ, ಕಿರಿದಾದ ಕಣ್ಣಿನಂಥ ದೀಪಗಳು, ಗಾಲಿಗಳ ಮೇಲೆ ಉಬ್ಬಿದ ಅಂಚು. ಕಾಡುಮೇಡು ಹತ್ತುವ ಗಾಡಿಯ ಗತ್ತನ್ನು ಮನೆಮಂದಿಯ ಗಾಡಿಗೆ ತೊಡಿಸಿದ್ದಾರೆ. “ನೋಡ್ರಿ ಮಾಮಾ, ಎದುರಿಗೆ ಬರಾಕತ್ರ ಹುಲಿ ಬಂದಂಗ ಕಾಣತೈತಿ” ಎಂದು ತರುಣನು ಹೇಳಿದನು. ಫಿಟ್ಟರು ಹಿರಿಯರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಮಾರಿ ಹುಲಿದು, ಮೈ ಎಮ್ಮಿದು. ನಮ್ಮ ಹಳೀದು ಎಮ್ಮಿ ಆದ್ರೂ ಎಮ್ಮಿ ಮಾರೀನ ಇತ್ತು” ಎಂದು ತೀರ್ಪಿತ್ತರು. ಎಲ್ಲರೂ ನಕ್ಕರು.

ನಗೆ ನಿಂತ ಮೇಲೆ ತರುಣನು ಅಳತೆಗಳನ್ನು ಹೇಳಿದನು. ಕ್ರಿಸ್ಟಾದ ಉದ್ದ 4735 ಮಿಲಿಮೀಟರು, ಹೈಕ್ರಾಸಿನದು 4755. ಮೈ ಬೆಳೆದದ್ದು ಎರಡು ಸೆಂಟಿಮೀಟರು ಮಾತ್ರ. ಆದರೆ ಮುಂಗಾಲಿಗೂ ಹಿಂಗಾಲಿಗೂ ನಡುವಣ ಅಂತರ 2750ರಿಂದ 2850ಕ್ಕೆ, ಎಂದರೆ ಹತ್ತು ಸೆಂಟಿಮೀಟರು ಬೆಳೆದಿದೆ. ಗಾಲಿಗಳನ್ನು ಮೂಲೆಗಳಿಗೆ ಸರಿಸಿ ಒಳಗಿನ ಕೋಣೆಯನ್ನು ಹಿಗ್ಗಿಸಿದ್ದಾರೆ. ಆದುದರಿಂದ ರೂಪದ ಮಾರ್ಪಾಟೆಲ್ಲವೂ ಬರಿಯ ಬಣ್ಣಗಾರಿಕೆಯಲ್ಲ. ಮುಖದ ಮಟ್ಟಿಗೆ ಹೇಳುವುದಾದರೆ, 2023ರಲ್ಲಿ ಇದೇ ಗಾಡಿಯನ್ನು ಮಾರುತಿಯವರು ಮೂಗುಬಾಯಿಗಳನ್ನು ಕೊಂಚ ತಿದ್ದಿ ‘ಇನ್ವಿಕ್ಟೋ’ ಎಂದು ಮಾರತೊಡಗಿದರು. ಒಂದೇ ದೇಹ, ಎರಡು ಮುಖ, ಎರಡು ಹೆಸರು. ನಾಮರೂಪಗಳು ಮೇಲಿನವೆಂದು ವೇದಾಂತಿಗಳು ಹೇಳುವುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ತರಗತಿಯಲ್ಲಿ ಎಂದೂ ನನಗೆ ಸಿಕ್ಕಿರಲಿಲ್ಲ.

ಎರಡನೆಯದು ಛೇದನ, ಒಳಗಿನ ಕಟ್ಟಡದ ವಿಚಾರ. ಇಲ್ಲಿ ವಾದವು ಬಿರುಸಾಯಿತು. ಹಳೆಯ ಇನ್ನೋವಾದಲ್ಲಿ ಕೆಳಗೆ ಏಣಿಯಂಥ ಗಟ್ಟಿ ಉಕ್ಕಿನ ಚೌಕಟ್ಟು ಇರುತ್ತದೆ. ಅದರ ಮೇಲೆ ಗಾಡಿಯ ಮೈಯನ್ನು ಕೂಡಿಸಿರುತ್ತಾರೆ. ಎತ್ತಿನ ಬಂಡಿಯ ಮೇಲೆ ಸವಾರಿ ಕಟ್ಟಿದ ಹಾಗೆ. ಸವಾರಿ ಬೇರೆ, ಬಂಡಿ ಬೇರೆ. ಭಾರವನ್ನು ಹೊರುವುದು ಬಂಡಿ. ಹೊಸದರಲ್ಲಿ ಅಂಥ ಏಣಿಯಿಲ್ಲ. ಮೈಯೇ ಚೌಕಟ್ಟು. ಕೃಷ್ಣಾನದಿಯ ಹರಿಗೋಲಿನಂತೆ ಇಡೀ ಹೆಣಿಗೆಯೇ ಹೊರೆಯನ್ನು ಹಂಚಿಕೊಂಡು ಹೊರುತ್ತದೆ. ಹಳೆಯದನ್ನು ಹಿಂದಿನ ಗಾಲಿಗಳು ತಳ್ಳುತ್ತಿದ್ದವು. ಹೊಸದನ್ನು ಮುಂದಿನ ಗಾಲಿಗಳು ಎಳೆಯುತ್ತವೆ. “ನಮ್ಮ ದಾರ್ಯಾಗ, ಮಂದಿ ತುಂಬಿ ಏರು ಹತ್ತುವಾಗ, ಹಿಂದ ಭಾರ ಬಿದ್ದು ಮುಂದಿನ ಗಾಲಿ ಹಗುರಾದ್ರ ಹ್ಯಾಂಗ?” ಎಂದು ಮಾಲೀಕರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ತರುಣನು ಅದಕ್ಕೆ ನೇರವಾಗಿ ಉತ್ತರ ಹೇಳದೆ ಹಿಂದಿನ ಬಾಗಿಲನ್ನು ತೆರೆದು ನೆಲವನ್ನು ತೋರಿಸಿದನು. ಹಿಂಗಾಲಿಗೆ ಶಕ್ತಿಯನ್ನೊಯ್ಯುವ ಉದ್ದನೆಯ ದಂಡವೂ, ಕೆಳಗಿನ ಏಣಿಯೂ ಇಲ್ಲದ್ದರಿಂದ ಒಳಗಿನ ನೆಲ ಸಮತಟ್ಟಾಗಿದೆ. ಹತ್ತುವ ಎತ್ತರವೂ ತಗ್ಗಿದೆ. ಕಳೆದುಕೊಂಡದ್ದು ಒಂದು, ಪಡೆದದ್ದು ಇನ್ನೊಂದು. ಯಾವುದು ಹೆಚ್ಚೆಂಬುದು ಗಾಡಿಯಲ್ಲಿ ಯಾರು ಕುಳಿತುಕೊಳ್ಳುವರೆಂಬುದನ್ನು ಅವಲಂಬಿಸಿದೆ.

ಮೂರನೆಯದು ತಾಪ. ರಾಯಚೂರಿನ ಸೀಮೆಯಲ್ಲಿ ವೈಶಾಖದ ಬಿಸಿಲು 40 ಡಿಗ್ರಿಯನ್ನು ಮೀರುವುದು ವಿಶೇಷವಲ್ಲ. ಹೊಸ ಗಾಡಿಯ ಮೇಲ್ದರ್ಜೆಯ ಮಾದರಿಗಳಲ್ಲಿ ಮಾಡಿನ ಬಹುಭಾಗವನ್ನು ಗಾಜಿನಿಂದ ಮಾಡಿದ್ದಾರೆ. ಗುಂಡಿಯೊತ್ತಿದರೆ ಅದು ತೆರೆದುಕೊಳ್ಳುತ್ತದೆ. ಮಗನಿಗೆ ಈ ಗಾಜಿನ ಮಾಡಿನ ಮೇಲೆಯೇ ಹೆಚ್ಚು ಮೋಹ. ಫಿಟ್ಟರು ಹಿರಿಯರು, “ನಮ್ಮ ಮಾಳಗಿ ಮನ್ಯಾಗ ಬೆಳಕಿಂಡಿ ಇಟ್ಟಿದ್ದು ಹೊಗಿ ಹೋಗಲಿ ಅಂತ. ಇದರಾಗ ಏನು ಒಲಿ ಹೂಡ್ತಿಯೇನಪಾ?” ಎಂದು ಕೇಳಿದರು. ಹುಡುಗನು ಸಿಟ್ಟಾಗದೆ ನಕ್ಕದ್ದು ಅವನ ಒಳ್ಳೆಯ ಸ್ವಭಾವಕ್ಕೆ ಸಾಕ್ಷಿ.

ತಾಪದ ಮುಖ್ಯ ವಿಷಯ ಎಂಜಿನು. ಕ್ರಿಸ್ಟಾದ 2.4 ಲೀಟರಿನ ಡೀಜೆಲ್ ಎಂಜಿನು ಕಡಿಮೆ ವೇಗದಲ್ಲಿಯೂ ಹೊರೆಯನ್ನೆಳೆಯುವ ಗುಣದಿಂದ ಬಾಡಿಗೆಯವರ ನಚ್ಚಿನದಾಯಿತು. ಹೈಕ್ರಾಸಿನಲ್ಲಿ ಡೀಜೆಲೇ ಇಲ್ಲ. ಎರಡು ಲೀಟರಿನ ಪೆಟ್ರೋಲ್ ಎಂಜಿನು; ಮೇಲಿನ ದರ್ಜೆಗಳಲ್ಲಿ ಅದರೊಡನೆ ಒಂದು ವಿದ್ಯುನ್ಮೋಟಾರು. ಗಾಡಿಯ ವೇಗವನ್ನು ತಗ್ಗಿಸುವಾಗ ವ್ಯರ್ಥವಾಗಿ ಹೋಗುತ್ತಿದ್ದ ಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಟ್ಟು, ಮತ್ತೆ ಹೊರಡುವಾಗ ಬಳಸಿಕೊಳ್ಳುವುದು ಇದರ ತಂತ್ರ. ಪರೀಕ್ಷೆಯ ಲೆಕ್ಕದಲ್ಲಿ ಲೀಟರಿಗೆ 23 ಕಿಲೋಮೀಟರು ಎಂದು ಹೇಳಿಕೆ. “ಖರೆ ಹೇಳು, ಬೆಂಗಳೂರಿಂದ ಇಲ್ಲೀಮಟ ಎಷ್ಟು ಕೊಟ್ಟಿತು?” ಎಂದು ಮಾಲೀಕರು ಕೇಳಲು, ತರುಣನು “ಹದಿನೇಳು” ಎಂದನು. ನಿಂತು ನಿಂತು ಹೋಗುವ ಬೆಂಗಳೂರಿನ ಬೀದಿಗಳಲ್ಲಿ ಈ ಕೂಡಿಡುವ ವಿದ್ಯೆ ಫಲಿಸುತ್ತದೆ. ನಾಲ್ಕುನೂರು ಕಿಲೋಮೀಟರಿಗೂ ಮೀರಿದ ತೆರವಾದ ದಾರಿಯಲ್ಲಿ ತಡೆಯುವ ಪ್ರಸಂಗವೇ ಕಡಿಮೆಯಾದ್ದರಿಂದ ಕೂಡಿಡುವುದಕ್ಕೂ ಆಸ್ಪದ ಕಡಿಮೆ. ಮೇಲಾಗಿ ಡೀಜೆಲ್ ಎಂಜಿನನ್ನು ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿಗಳು ಲಿಂಗಸೂಗೂರಿನಲ್ಲಿಯೇ ಇದ್ದಾರೆ. ವಿದ್ಯುತ್ತು ಬೆರೆತ ಎಂಜಿನು ಕೆಟ್ಟರೆ ದೊಡ್ಡ ಊರಿನ ಕಾರ್ಯಾಗಾರಕ್ಕೆ ಒಯ್ಯಬೇಕು. ಜನರ ಈ ಮನಸ್ಸನ್ನು ತಿಳಿದೋ ಏನೋ, ಕಂಪೆನಿಯವರು ಕೂಡ 2023ರಲ್ಲಿ ಡೀಜೆಲ್ ಕ್ರಿಸ್ಟಾವನ್ನು ಮತ್ತೆ ಮಾರಾಟಕ್ಕೆ ತಂದು, ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ಇಟ್ಟರು.

ನಾಲ್ಕನೆಯದಾದ ತಾಡನಕ್ಕೆ ಬಂದಾಗ ಸಭೆಯ ಬಣ್ಣವೇ ಬದಲಾಯಿತು. ತರುಣನು ಹೆಮ್ಮೆಯಿಂದ, 2025ರಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ನಮ್ಮ ದೇಶದ ಪರೀಕ್ಷಾವ್ಯವಸ್ಥೆಯವರು ಈ ಗಾಡಿಯನ್ನು ಅಡ್ಡತಡೆಗೆ ಡಿಕ್ಕಿ ಹೊಡೆಯಿಸಿ ನೋಡಿ ಐದಕ್ಕೆ ಐದು ನಕ್ಷತ್ರಗಳನ್ನು ಕೊಟ್ಟರೆಂದು ಹೇಳಿದನು. ಮೇಲಿನ ದರ್ಜೆಯಲ್ಲಿ ಆರು ಗಾಳಿಚೀಲಗಳಿವೆಯೆಂದೂ, ನಡುವಿನ ಆಸನಗಳಲ್ಲಿ ಗುಂಡಿಯೊತ್ತಿದರೆ ಕಾಲುಮಣೆ ತಾನಾಗಿ ಮೇಲೆದ್ದು ಮಲಗುವ ಮಂಚದಂತಾಗುವುದೆಂದೂ ತೋರಿಸಿದನು. ಮಾಲೀಕರು ಬಹಳ ಹೊತ್ತು ಆ ಆಸನವನ್ನೇ ನೋಡುತ್ತಿದ್ದು, “ಶಿರಾದ ಹತ್ರ ಸತ್ತವರು ನಮ್ಮ ಜಿಲ್ಲಾದವರು, ಮಾಸ್ತರ್ರ” ಎಂದರು. ಮತ್ತಾರೂ ಮಾತಾಡಲಿಲ್ಲ.

ವಾಚಕರಲ್ಲಿ ಕೆಲವರಿಗೆ ಆ ದುರಂತವು ನೆನಪಿರಬಹುದು. 2022ರ ಆಗಸ್ಟ್ 25ರ ಬೆಳಗಿನ ಜಾವ, ಕೂಲಿಯನ್ನರಸಿ ಬೆಂಗಳೂರಿಗೆ ಹೊರಟಿದ್ದ ರಾಯಚೂರು ಜಿಲ್ಲೆಯ ಜನರ ಗಾಡಿಯು ತುಮಕೂರು ಜಿಲ್ಲೆಯ ಶಿರಾದ ಬಳಿ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಮಂದಿ ಮಡಿದರು, ಮಕ್ಕಳೂ ಅವರಲ್ಲಿದ್ದರು. ಆ ಒಂದು ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಅದಾದ ಮೂರೇ ತಿಂಗಳಿಗೆ ಕಾಲುಮಣೆಯ ಆಸನಗಳುಳ್ಳ ಈ ಗಾಡಿ ಬೆಳಕಿಗೆ ಬಂದಿತು. ಎರಡು ಸಂಗತಿಗಳಿಗೂ ಕಾರ್ಯಕಾರಣಸಂಬಂಧವಿಲ್ಲ ನಿಜ. ಆದರೆ ಒಂದೇ ಹೆದ್ದಾರಿಯಲ್ಲಿ ಇವೆರಡೂ ಓಡುತ್ತವೆಂಬುದನ್ನು ಮರೆತು ಗಾಡಿಯ ಅಂದಚೆಂದಗಳ ವಾದವನ್ನು ಮುಗಿಸುವುದು ಸಾಧ್ಯವಿಲ್ಲ. “ಅವತ್ತಿನಿಂದ ಏಳು ಮಂದಿ ಮ್ಯಾಲ ಎಂಟನೇದವರನ್ನ ನಾ ಹತ್ತಿಸಿಲ್ಲ. ಅದಕ್ಕ ಬಾಡಿಗಿ ಕಡಿಮಿ ಆಗ್ಯಾವ. ಹನ್ನೆರಡು ಮಂದಿ ತುಂಬೋ ಗಾಡಿಗೆ ಮಂದಿ ಹೋಗ್ತಾರ” ಎಂದು ಮಾಲೀಕರು ಹೇಳಿದರು. ಕಡಿಮೆಯಾದ ಬಾಡಿಗೆಯಲ್ಲಿ ಹೆಚ್ಚಿನ ಸಾಲದ ಕಂತನ್ನು ಕಟ್ಟುವುದು ಹೇಗೆಂಬುದೇ ಅವರ ಮುಂದಿದ್ದ ನಿಜವಾದ ಪ್ರಶ್ನೆ. ಹುಲಿಯ ಮುಖವೂ ಗಾಜಿನ ಮಾಡೂ ಆ ಪ್ರಶ್ನೆಯ ಮುಂದೆ ಬಹಳ ಸಣ್ಣವಾಗಿಬಿಟ್ಟವು.

ಅಷ್ಟರಲ್ಲಿ ಮಾಲೀಕರ ತಾಯಿಯವರು ಒಳಗಿನಿಂದ ಬಂದರು. ಎಂಬತ್ತರ ಸಮೀಪದ ವಯಸ್ಸು, ಮೊಣಕಾಲುಗಳ ಬೇನೆ. “ಇಷ್ಟೊತ್ತಿನಿಂದ ಗಾಡಿ ಗಾಡಿ ಅಂತ ಜಗಳಾಡಾಕತ್ತೀರಿ. ಹಿಂದಿನ ಸೀಟಿನ್ಯಾಗ ಒಬ್ಬರರ ಕುಂತು ನೋಡೀರೇನು?” ಎಂದು ಕೇಳಿದರು. ಯಾರೂ ಕುಳಿತಿರಲಿಲ್ಲ. ಮುಂದಿನ ಆಸನದಲ್ಲಿ ಎಲ್ಲರೂ ಕುಳಿತಿದ್ದರು, ನಡುವಿನದರಲ್ಲಿ ಮಲಗಿಯೂ ನೋಡಿದ್ದರು. ಮೂರನೆಯ ಸಾಲು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಆದರೆ ಮನೆಮಂದಿಯ ಪ್ರಯಾಣದಲ್ಲಿ ಆ ಸಾಲು ಯಾರ ಪಾಲಿಗೆ ಬರುತ್ತದೆಂಬುದನ್ನು ಗೃಹಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುದುಕಿಯರು, ಮಕ್ಕಳು, ಮನೆಯ ಸೊಸೆ, ಬುತ್ತಿಯ ಗಂಟು, ಇವೇ ಅಲ್ಲಿಗೆ.

ಅಜ್ಜಿಯವರು ಮೊಮ್ಮಗನ ಹೆಗಲು ಹಿಡಿದು ಮೊದಲು ಹೊಸ ಗಾಡಿಯನ್ನು ಹತ್ತಿದರು. ನಡುವಿನ ಆಸನವನ್ನು ಸರಿಸಿದ ಮೇಲೆ ಹಿಂದಕ್ಕೆ ಹೋಗಿ ಕುಳಿತು, ಕಾಲು ಚಾಚಿ, ಕಿಟಕಿಯ ಹೊರಗೆ ನೋಡಿದರು. ಆಮೇಲೆ ಇಳಿದು ಹಳೆಯದನ್ನು ಹತ್ತಹೋದರು. ಮೆಟ್ಟಿಲು ಎತ್ತರ, ಎರಡು ಸಲ ಯತ್ನಿಸಿ ಮೂರನೆಯ ಸಲ ಮಗನು ಕೈಗೊಟ್ಟ ಮೇಲೆ ಹತ್ತಿದರು. ಕುಳಿತಲ್ಲಿ ಮೊಣಕಾಲು ಎದೆಯ ಕಡೆಗೆ ಎದ್ದುಕೊಂಡಿತು. ಇಳಿದು ಬಂದವರೆ, “ಹೊಸಾದು ಹತ್ತಾಕ ಸಸಾರ ಐತಿ. ಕುಂತ್ರ ಕಾಲಿಗೂ ಜಾಗ ಐತಿ. ಅಂದ್ರ ನನ್ನ ಮೊಣಕಾಲಿನ ಸಲುವಾಗಿ ಹೊಲಾ ಒತ್ತಿ ಇಡಬ್ಯಾಡ್ರಿ. ಒಂದು ಕಟಗಿ ಮಣಿ ಮಾಡಿಸಿ ಇದಕ್ಕ ಇಡ್ರಿ” ಎಂದರು. ನಾಲ್ಕು ಪರೀಕ್ಷೆಗಳೂ ಮುಗಿದ ಮೇಲೆ ಕೊನೆಗೆ ತೀರ್ಪು ಬಂದದ್ದು ಹೀಗೆ. ಗುಣವನ್ನೂ ಮರೆಮಾಚದೆ, ಬೆಲೆಯನ್ನೂ ಮರೆಯದೆ.

ಹೊರಡುವಾಗ ತರುಣ ಎಂಜಿನಿಯರನು ಇನ್ನೊಂದು ಸಂಗತಿಯನ್ನು ತಿಳಿಸಿದನು. ಅದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ಮೋಟಾರು ಗಾಡಿಗಳ ಗಾಳಿಚೀಲಗಳ ತಂತಿಗಳು ಒಂದನ್ನೊಂದು ಕೂಡುವೆಡೆಯಲ್ಲಿ ಸಾಮಾನ್ಯವಾಗಿ ಬಂಗಾರದ ತೆಳುವಾದ ಲೇಪವನ್ನು ಕೊಡುತ್ತಾರಂತೆ. ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಬಂಗಾರಕ್ಕೆ ಎರಡೂ ಇಲ್ಲ. ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೆಯ ವರ್ಷ ಒಂದೇ ಒಂದು ಕ್ಷಣದಲ್ಲಿ ತಪ್ಪದೆ ಕೆಲಸಮಾಡಬೇಕಾದ ಸ್ಥಾನಕ್ಕೆ ಬಂಗಾರವೇ ತಕ್ಕ ಲೋಹ. ಗಾಡಿಯ ಮುಂಭಾಗದಲ್ಲಿ ಥಳಥಳಿಸುವುದೆಲ್ಲ ಬೇರೆ ಲೇಪ; ನಿಜವಾದ ಬಂಗಾರವು ಯಾರಿಗೂ ಕಾಣದಂತೆ ಒಳಗೆ ಅಡಗಿಕೊಂಡು ಪ್ರಾಣವನ್ನು ಕಾಯುತ್ತಿದೆ. ಹಟ್ಟಿಯ ಬಿಳಿಗಲ್ಲಿನಲ್ಲಿಯೂ ಹಾಗೆಯೇ ಅಲ್ಲವೆ?

ಮರುದಿನ ಅದೇ ಹಳೆಯ ಇನ್ನೋವಾದಲ್ಲಿ ಮಾಲೀಕರೊಡನೆ ಮಸ್ಕಿಗೆ ಹೊರಟೆನು. ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಕ್ಕುತ್ತದೆ. ದಾರಿಯಲ್ಲಿ ಅವರು ತಮ್ಮ ನಿಶ್ಚಯವನ್ನು ಹೇಳಿದರು. ಹೊಲವನ್ನು ಒತ್ತೆಯಿಡುವುದಿಲ್ಲ, ಯಾರಾದರೂ ಚೆನ್ನಾಗಿ ಇಟ್ಟುಕೊಂಡ ಡೀಜೆಲ್ ಕ್ರಿಸ್ಟಾ ಸಿಕ್ಕರೆ ಕೊಳ್ಳುವುದು, ಏಳು ಜನರ ನಿಯಮವನ್ನು ಬಿಡುವುದಿಲ್ಲ, ಮೂರನೆಯ ಸಾಲಿನವರೂ ಪಟ್ಟಿಯನ್ನು ಕಟ್ಟಿಕೊಂಡ ಮೇಲೆಯೇ ಗಾಡಿಯನ್ನು ಬಿಡುವುದು. ಮಗನಿಗೆ ಅಸಮಾಧಾನವಾಗಿದೆಯೆಂದೂ, ಆದರೆ ಸಾಲದ ಲೆಕ್ಕವನ್ನು ಅವನ ಕೈಯಿಂದಲೇ ಬರೆಯಿಸಿದ ಮೇಲೆ ಸುಮ್ಮನಾದನೆಂದೂ ಹೇಳಿದರು. ಲಿಂಗಸೂಗೂರಿನಲ್ಲಿ ಬಡಿಗರ ಅಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸಿ, ಜಾಲಿಯ ಮರದ ಒಂದು ಕಾಲುಮಣೆಗೆ ಅಳತೆ ಕೊಟ್ಟು ಬಂದರು. ಗುಂಡಿಯೊತ್ತಿದರೆ ಏಳುವ ಕಾಲುಮಣೆಯಲ್ಲ ಇದು, ಕೈಯಿಂದ ತೆಗೆದಿಡುವಂಥದು.

ಮಸ್ಕಿಯ ಗುಡ್ಡದ ಮಗ್ಗುಲಲ್ಲಿ ಅಶೋಕ ಚಕ್ರವರ್ತಿಯ ಶಾಸನವಿರುವ ಬಂಡೆಯಿದೆ. ಇದನ್ನು 1915ರಲ್ಲಿ ಕಂಡುಹಿಡಿದವರು ಬೀಡನ್ ಎಂಬ ಗಣಿಯ ಎಂಜಿನಿಯರು. ನಿಜಾಮರ ಸೀಮೆಯಲ್ಲಿ ಬಂಗಾರವನ್ನು ಹುಡುಕುತ್ತಿದ್ದವರು. ಅದೇ ವರ್ಷ ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನೋದಿ ಪ್ರಕಟಿಸಿದರು. ಅಲ್ಲಿಯ ವರೆಗೆ ದೊರೆತ ಶಾಸನಗಳಲ್ಲಿ ದೊರೆಯು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿಂದಲೇ ಕಾಣಿಸಿಕೊಂಡಿದ್ದನು. ‘ಅಶೋಕ’ ಎಂಬ ಅವನ ನಿಜನಾಮವು ಮೊಟ್ಟಮೊದಲು ಓದಿಗೆ ಸಿಕ್ಕಿದ್ದು ಈ ಬಂಡೆಯ ಮೇಲೆ. ಹೊನ್ನನ್ನು ಅರಸಿ ಬಂದವನಿಗೆ ಅದಕ್ಕಿಂತ ಬೆಲೆಯುಳ್ಳದ್ದು ದೊರೆಯಿತು. ಶಾಸನದ ಅಭಿಪ್ರಾಯವೇನೆಂದರೆ, ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಧರ್ಮದಲ್ಲಿ ನಡೆದರೆ ಸಣ್ಣವನೂ ಅದನ್ನು ಪಡೆಯಬಲ್ಲನು, ಎಂಬುದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿಯು ಕೊನೆಯ ಸಾಲಿನವರನ್ನು ನೆನೆದು ಇದನ್ನು ಕಲ್ಲಿನಲ್ಲಿ ಕೊರೆಯಿಸಿದನು. ನನ್ನ ಮಗ್ಗುಲಲ್ಲಿ ನಿಂತಿದ್ದ ಮಾಲೀಕರಿಗೆ ಅರ್ಥವನ್ನು ಹೇಳಿದೆನು. ಅವರು ಬಂಡೆಯನ್ನು ಕೈಮುಗಿದು ನೋಡಿದರು.

ಹೊಸ ಗಾಡಿಯನ್ನು ಕೊಳ್ಳುವ ಯೋಚನೆಯಲ್ಲಿರುವ ಗೃಹಸ್ಥರು ಈಗ ಎಲ್ಲೆಲ್ಲಿಯೂ ಇದ್ದಾರೆ. ಅಂಗಡಿಯವನು ಮುಖದ ಹೊಳಪನ್ನು ತೋರಿಸುತ್ತಾನೆ. ಮಕ್ಕಳು ಗಾಜಿನ ಮಾಡನ್ನು ತೋರಿಸುತ್ತಾರೆ. ಎರಡನ್ನೂ ನೋಡಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಚೆಲುವೂ ಒಂದು ಗುಣವೇ. ಆದರೆ ಹಣವನ್ನು ಎಣಿಸುವ ಮುನ್ನ ಮನೆಯ ಹಿರಿಯರನ್ನು ಕರೆದೊಯ್ದು ಹಿಂದಿನ ಸಾಲಿನಲ್ಲಿ ಒಂದು ಗಳಿಗೆ ಕೂಡಿಸಿರಿ. ಅವರು ಹತ್ತುವುದನ್ನೂ ಇಳಿಯುವುದನ್ನೂ ನಿಂತು ನೋಡಿರಿ. ಪಟ್ಟಿಯು ಅವರ ಕೈಗೆ ನಿಲುಕುವುದೋ ಎಂದು ವಿಚಾರಿಸಿರಿ. ಆಮೇಲೆ ಬೆಲೆಯನ್ನು ಕೇಳಬಹುದು.